ಫ್ರೀಲ್ಯಾನ್ಸರ್ ಎಂದರೆ ಹವ್ಯಾಸಿಯಲ್ಲ

ಯಾವ ಸಂಸ್ಥೆಯ ಸಂಬಳದ ಪಟ್ಟಿಯಲ್ಲೂ ಹೆಸರಿಲ್ಲದೆ, ಒಂದೊಂದು ಕೆಲಸವನ್ನೂ ಬಿಡಿಯಾಗಿ ಒಪ್ಪಿಕೊಂಡು, ಮುಗಿಸಿ, ಬಿಲ್ ಹಾಕಿ ಹಣ ಪಡೆಯುವವರು ಫ್ರೀಲ್ಯಾನ್ಸರ್. ಅನುವಾದಕರು, ಡಿಸೈನರ್‌ಗಳು, ವಿಡಿಯೊ ಎಡಿಟರ್‌ಗಳು, ಕೋಡ್ ಬರೆಯುವವರು, ಕರಡು ತಿದ್ದುವವರು ಎಲ್ಲರಿಗೂ ಈ ಹೆಸರು ಸಲ್ಲುತ್ತದೆ. ‘ಲ್ಯಾನ್ಸ್’ ಎಂದರೆ ಭರ್ಜಿ. ಯಾವ ದೊರೆಗೂ ಕಟ್ಟುಬೀಳದೆ ಹಣ ಕೊಟ್ಟವರ ಪರ ಕಾದಾಡುವ ಭರ್ಜಿಯಾಳನ್ನು 19ನೇ ಶತಮಾನದ ಇಂಗ್ಲಿಷ್ ಬರಹದಲ್ಲಿ ಹೀಗೆ ಕರೆದರು. ಆ ಹೆಸರು ಮುಂದೆ ಪತ್ರಿಕೆಗಳಿಗೆ ಬರೆಯುವವರಿಗೆ, ಆಮೇಲೆ ಉಳಿದ ಕಸುಬಿನವರಿಗೂ ಅಂಟಿತು.

ಕನ್ನಡದಲ್ಲಿ ಇದಕ್ಕೆ ರೂಢಿಗೆ ಬಂದ ಮಾತು ‘ಹವ್ಯಾಸಿ’: ಹವ್ಯಾಸಿ ಪತ್ರಕರ್ತ, ಹವ್ಯಾಸಿ ಛಾಯಾಗ್ರಾಹಕ. ಹವ್ಯಾಸಿ ರಂಗತಂಡ ಎನ್ನುವಾಗ ಆ ಪದ ಸರಿ, ಅಲ್ಲಿ ನಟನೆ ಹೊಟ್ಟೆಪಾಡಲ್ಲ. ಫ್ರೀಲ್ಯಾನ್ಸರ್‌ಗೆ ಕೆಲಸವೇ ಹೊಟ್ಟೆಪಾಡು. ‘ಸಂಭಾವನೆ’ಯೂ ಇಂಥದ್ದೇ ತೊಡಕಿನ ಪದ. ಕೊಡುವವರು ಮನಸ್ಸಿಗೆ ಬಂದಷ್ಟು ಗೌರವದಿಂದ ಕೊಡುವುದು ಎಂಬ ಧ್ವನಿ ಅದರಲ್ಲಿದೆ. ಮಾತುಕತೆಗೆ ಕುಳಿತಾಗ ‘ದರ’, ‘ಶುಲ್ಕ’, ‘ಬಿಲ್’ ಎಂಬ ಪದಗಳನ್ನೇ ಬಳಸುವುದು ಒಳ್ಳೆಯದು. ಕನ್ನಡದ ಪದವೇ ಬೇಕೆಂದರೆ ‘ಸ್ವತಂತ್ರ ವೃತ್ತಿನಿರತ’ ಅರ್ಥಕ್ಕೆ ಹತ್ತಿರವಾಗಿದೆ.

ಹೊಸಬರು ಹೆಚ್ಚಾಗಿ ಎಡವುವುದು ದರದಲ್ಲಿ. ತಿಂಗಳಿಗೆ 50,000 ರೂಪಾಯಿ ಸಂಬಳವಿದ್ದವರು ಅದನ್ನು 22 ದಿನಗಳಿಂದ ಭಾಗಿಸಿ, ದಿನಕ್ಕೆ ಸುಮಾರು 2,270 ರೂಪಾಯಿ ಸಾಕು ಎಂದುಕೊಳ್ಳುತ್ತಾರೆ. ಲೆಕ್ಕ ಹೀಗಾಗಬೇಕು: 365 ದಿನಗಳಲ್ಲಿ ಶನಿವಾರ, ಭಾನುವಾರ 104, ಹಬ್ಬದ ರಜೆ 15, ಕಾಯಿಲೆ, ಊರು, ಮದುವೆ ಮನೆ ಎಂದು 20 ಕಳೆದರೆ ಉಳಿಯುವುದು 226. ಈ ದಿನಗಳಿಗೆಲ್ಲ ಬಿಲ್ ಆಗುವುದಿಲ್ಲ. ಗ್ರಾಹಕರನ್ನು ಹುಡುಕುವುದು, ದರಪಟ್ಟಿ ಕಳಿಸುವುದು, ಬಾಕಿ ಕೇಳುವುದು, ಲೆಕ್ಕ ಬರೆಯುವುದಕ್ಕೆ ನೂರಕ್ಕೆ 40 ಭಾಗ ಹೋಗುತ್ತದೆ ಎಂದಿಟ್ಟುಕೊಂಡರೆ ಬಿಲ್ ಆಗುವ ದಿನಗಳು 135. ಇನ್ನು ವರ್ಷದ 6 ಲಕ್ಷಕ್ಕೆ ಆರೋಗ್ಯ ವಿಮೆ, ಕಂಪನಿ ಕಟ್ಟುತ್ತಿದ್ದ ಪಿಎಫ್ ಪಾಲು, ಲ್ಯಾಪ್‌ಟಾಪ್, ಸಾಫ್ಟ್‌ವೇರ್, ಇಂಟರ್ನೆಟ್, ಯುಪಿಎಸ್ ಎಂದು ಒಂದೂವರೆ ಲಕ್ಷ ಸೇರಿಸಿ. ಏಳೂವರೆ ಲಕ್ಷವನ್ನು 135ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 5,550 ರೂಪಾಯಿ. ಮೊದಲು ಹೇಳಿದ್ದರ ಎರಡೂವರೆ ಪಟ್ಟು ಇದು, ಮತ್ತು ಇದರಲ್ಲಿ ದುರಾಸೆಯ ಒಂದು ಪೈಸೆಯೂ ಇಲ್ಲ.

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಪದಕ್ಕೆ ಇಷ್ಟು ಎಂದು ದರ ಒಪ್ಪುವಾಗ ಎಣಿಸುವುದು ಮೂಲದ ಪದಗಳನ್ನೋ ಕನ್ನಡದ ಪದಗಳನ್ನೋ? ‘ಇನ್ ದ ಹೌಸ್’ ಎಂಬ ಮೂರು ಪದ ಕನ್ನಡದಲ್ಲಿ ‘ಮನೆಯಲ್ಲಿ’ ಎಂಬ ಒಂದೇ ಪದ. ವಿಭಕ್ತಿ, ಸಂಧಿ, ಸಮಾಸಗಳೆಲ್ಲ ಸೇರಿ ಕನ್ನಡದ ಪದಸಂಖ್ಯೆ ಮೂಲಕ್ಕಿಂತ ಸಾಕಷ್ಟು ಕಡಿಮೆಯಾಗುತ್ತದೆ. ಕನ್ನಡದ ಪದ ಎಣಿಸಲು ಒಪ್ಪಿದರೆ, ಭಾಷೆಯ ಜಾಯಮಾನವೇ ನಿಮ್ಮ ಬಿಲ್ಲನ್ನು ತಗ್ಗಿಸುತ್ತದೆ. ‘ಮೂಲದ ಪದಗಳಿಗೆ’ ಎಂದು ಮೊದಲೇ ಬರೆಸಿಕೊಳ್ಳಿ.

ಬರೆಸಿಕೊಳ್ಳುವುದಕ್ಕೆ ಛಾಪಾ ಕಾಗದ ಬೇಕಿಲ್ಲ; ಎರಡೂ ಕಡೆಯವರು ‘ಒಪ್ಪಿದೆ’ ಎಂದ ಇಮೇಲ್ ಸಾಕು. ಅದರಲ್ಲಿ ಕೆಲಸದ ವ್ಯಾಪ್ತಿ, ಒಪ್ಪಿಸುವ ದಿನ, ಮುಂಗಡ (ಹೊಸ ಗ್ರಾಹಕರಾದರೆ ಅರ್ಧ ಕೇಳಿ), ಎಷ್ಟು ಸಲ ತಿದ್ದಿಕೊಡುತ್ತೀರಿ, ನಡುವೆ ಕೈಬಿಟ್ಟರೆ ಎಷ್ಟು ಕೊಡಬೇಕು ಎಂಬುದಿರಲಿ. ತಿದ್ದುಪಡಿಗೆ ಮಿತಿ ಹಾಕದಿದ್ದರೆ ಎರಡು ದಿನದ ಲೋಗೊ ಎರಡು ತಿಂಗಳಿಗೆ ಎಳೆಯುತ್ತದೆ. ಕಂಪನಿಯಾದರೆ ಪರ್ಚೇಸ್ ಆರ್ಡರ್ (ಖರೀದಿ ಆದೇಶ) ಕೈಗೆ ಬರುವವರೆಗೆ ಕೆಲಸ ಶುರು ಮಾಡಬೇಡಿ. ಆರ್ಡರ್ ಸಂಖ್ಯೆಯಿಲ್ಲದ ಬಿಲ್ಲನ್ನು ಅಕೌಂಟ್ಸ್ ವಿಭಾಗ ಪಕ್ಕಕ್ಕಿಡುತ್ತದೆ, ಕೆಲಸ ಹೇಳಿದ ಮ್ಯಾನೇಜರ್‌ಗೆ ಅದು ಗೊತ್ತೂ ಆಗಿರುವುದಿಲ್ಲ.

ಹಣ ತಡವಾಗುವುದೇ ಈ ವೃತ್ತಿಯ ದೊಡ್ಡ ಕಷ್ಟ. ಇದಕ್ಕೆ ಒಂದು ಕಾನೂನು ಇದೆ, ಬಳಸುವವರು ಕಡಿಮೆ. ಸಣ್ಣ ಉದ್ಯಮಗಳನ್ನು ನೋಂದಾಯಿಸುವ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಆಧಾರ್ ಮತ್ತು ಪ್ಯಾನ್ ಕೊಟ್ಟು ಒಬ್ಬಂಟಿ ಸೇವಾದಾರರೂ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ಆಗ 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ, ಗಡುವಿನ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ಖರೀದಿದಾರರು ಹಣ ಕೊಡಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆಗಲೂ ಕೊಡದಿದ್ದರೆ ಸರ್ಕಾರದ ಪೋರ್ಟಲ್ ಮೂಲಕ ದೂರು ಕೊಡಬಹುದು. ಕೆಲಸ ಮುಗಿದ ಮೇಲೆ ಮಾಡಿಸಿದ ನೋಂದಣಿ ಹಳೆಯ ಬಾಕಿಗೆ ಆಸರೆಯಾಗದೆ ಹೋಗಬಹುದು, ಹಾಗಾಗಿ ಮೊದಲೇ ಮಾಡಿಸಿ, ಪ್ರತಿ ಬಿಲ್ಲಿನಲ್ಲೂ ಉದ್ಯಮ್ ಸಂಖ್ಯೆ ಹಾಕಿ.

ಬಿಲ್ 60,000ಕ್ಕೆ ಹಾಕಿ ಖಾತೆಗೆ 54,000 ಬಂದರೆ ಗಾಬರಿ ಬೇಡ. ಅದು ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿಯುವ ತೆರಿಗೆ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 194ಜೆ ಎಂದು ಹೆಸರಾದ ಈ ನಿಯಮದಂತೆ (2026ರ ಏಪ್ರಿಲ್ 1ರಿಂದ ಅನ್ವಯವಾಗುವ ಹೊಸ ಕಾಯ್ದೆಯಲ್ಲಿ ಸಂಖ್ಯೆ ಬೇರೆ) ಕಂಪನಿಗಳು ವೃತ್ತಿಶುಲ್ಕದಲ್ಲಿ ಶೇ 10 ಹಿಡಿದು ಸರ್ಕಾರಕ್ಕೆ ಕಟ್ಟುತ್ತವೆ. ಒಂದು ಕಂಪನಿ ಕೊಡುವ ಶುಲ್ಕ ವರ್ಷಕ್ಕೆ 50,000 ದಾಟಿದಾಗ ಇದು ಶುರುವಾಗುತ್ತದೆ. ಪ್ಯಾನ್ ಕೊಡದಿದ್ದರೆ ಶೇ 20 ಹೋಗುತ್ತದೆ. ಹಿಡಿದದ್ದನ್ನು ನಿಮ್ಮ ಹೆಸರಿಗೇ ಕಟ್ಟಿದ್ದಾರೆಯೇ ಎಂದು ಮೂರು ತಿಂಗಳಿಗೊಮ್ಮೆ ತೆರಿಗೆ ಇಲಾಖೆಯ ಜಾಲತಾಣದಲ್ಲಿ ನೋಡಿ. ಅಲ್ಲಿ ಕಾಣದಿದ್ದರೆ ರಿಟರ್ನ್‌ನಲ್ಲಿ ಕೇಳುವುದು ಕಷ್ಟ.

ಒಟ್ಟು ವಹಿವಾಟಿನ ಅರ್ಧವನ್ನಷ್ಟೇ ಆದಾಯವೆಂದು ತೋರಿಸುವ, 44ಎಡಿಎ ಎಂದು ಹೆಸರಾದ ಸೌಲಭ್ಯ ಎಲ್ಲರಿಗೂ ಸಿಗುತ್ತದೆಂಬ ನಂಬಿಕೆ ತಪ್ಪು. ಅದಕ್ಕೊಂದು ಪಟ್ಟಿಯಿದೆ. ಎಂಜಿನಿಯರ್, ವಾಸ್ತುಶಿಲ್ಪಿ, ಮಾಹಿತಿ ತಂತ್ರಜ್ಞಾನದವರು ಅದರಲ್ಲಿದ್ದಾರೆ. ಸಿನಿಮಾದ ಸಂಭಾಷಣೆಕಾರ, ಗೀತರಚನಕಾರರೂ ಇದ್ದಾರೆ. ಪುಸ್ತಕದ ಅನುವಾದಕರ, ಲೇಖಕರ ಹೆಸರು ಅದರಲ್ಲಿಲ್ಲ. ಇಂಥವರು ಲೆಕ್ಕಪರಿಶೋಧಕರನ್ನು ಕೇಳಿಯೇ ಮುಂದುವರಿಯಬೇಕು. ಜಿಎಸ್‌ಟಿ ನೋಂದಣಿ ಕರ್ನಾಟಕದ ಸೇವಾದಾರರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲೆ. ವಿದೇಶದಿಂದ ಬಂದ ಹಣವೂ ಆ ಲೆಕ್ಕಕ್ಕೆ ಸೇರುತ್ತದೆ.

ಇನ್ನು ಹಕ್ಕಿನ ಮಾತು. ನೌಕರಿಯ ಕೆಲಸವಾಗಿ ಬರೆದದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕರ ಸ್ವತ್ತು. ಫ್ರೀಲ್ಯಾನ್ಸರ್ ಬರೆದ ಲೇಖನ, ಮಾಡಿದ ಅನುವಾದ ಹಾಗಲ್ಲ: 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದರ ಮೊದಲ ಒಡೆಯರು ಬರೆದವರೇ. ಹಣ ಕೊಟ್ಟು ತೆಗೆಸಿದ ಫೋಟೊ ಇದಕ್ಕೆ ಹೊರತು. ಬೇರೆ ಒಪ್ಪಂದವಿಲ್ಲದಿದ್ದರೆ ಅದು ತೆಗೆಸಿದವರದಾಗುತ್ತದೆ. ಹಕ್ಕು ವರ್ಗಾಯಿಸಲು ಸಹಿಯುಳ್ಳ ಬರಹ ಬೇಕು. ಆ ಬರಹದಲ್ಲಿ ಅವಧಿ ಹೇಳಿಲ್ಲದಿದ್ದರೆ ವರ್ಗಾವಣೆ 5 ವರ್ಷಕ್ಕೆ, ಪ್ರದೇಶ ಹೇಳಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಪ್ರಕಾಶಕರು ಕಳಿಸಿದ ಪತ್ರದಲ್ಲಿ ‘ಶಾಶ್ವತವಾಗಿ, ವಿಶ್ವದಾದ್ಯಂತ’ ಎಂದಿದ್ದರೆ ನೀವು ಬಿಟ್ಟುಕೊಡುತ್ತಿರುವುದು ಈ ಎರಡೂ ಮಿತಿಗಳನ್ನು. ಅದಕ್ಕೆ ದರ ಬೇರೆ ಕೇಳಿ.