ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಇದ್ದಮೇಲೂ ಸುರಕ್ಷತಾ ತರಬೇತಿ ಏಕೆ?

ಪ್ರಶ್ನೆ: ನಾನು ಆಣ್ವಿಕ ಜೀವವಿಜ್ಞಾನದ ಪ್ರಯೋಗಾಲಯವೊಂದಕ್ಕೆ ಸಂಶೋಧನಾ ಸಹಾಯಕಿಯಾಗಿ ಸೇರಿದ್ದೇನೆ. ವರ್ಷದಲ್ಲಿ ಕೆಲವೇ ಸಲ ವಿಕಿರಣಶೀಲ ಫಾಸ್ಫರಸ್-32 ಬಳಸಬೇಕಾಗುತ್ತದೆ. ಟಿಎಲ್‌ಡಿ ಬ್ಯಾಡ್ಜ್ (ಮೈಗೆ ತಗುಲಿದ ವಿಕಿರಣ ಅಳೆಯುವ ಸಾಧನ) ಕೊಡುತ್ತಾರೆ, ಸೀಸದ ಏಪ್ರನ್ ಕೂಡ ಇದೆ. ಹೀಗಿರುವಾಗ ವಿಕಿರಣ ಸುರಕ್ಷತೆಯ ತರಬೇತಿ, ಅದರ ಮೇಲೆ ಸಾಮಾನ್ಯ ಪ್ರಯೋಗಾಲಯ ಸುರಕ್ಷತೆಯ ತರಬೇತಿ, ಎರಡನ್ನೂ ಮುಗಿಸದೆ ಕೆಲಸ ಆರಂಭಿಸಬಾರದೆಂದು ಹೇಳುವುದೇಕೆ?

ಉತ್ತರ: ಬ್ಯಾಡ್ಜ್ ನಿಮ್ಮನ್ನು ಕಾಪಾಡುವುದಿಲ್ಲ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಟಿಎಲ್‌ಡಿ ಬ್ಯಾಡ್ಜಿನೊಳಗೆ ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟಿನ ಸಣ್ಣ ಬಿಲ್ಲೆಗಳಿರುತ್ತವೆ. ಅವು ತಮ್ಮ ಮೇಲೆ ಬಿದ್ದ ವಿಕಿರಣದ ಶಕ್ತಿಯನ್ನು ಹಿಡಿದಿಟ್ಟುಕೊಂಡು, ಮುಂದೆ ಕಾಯಿಸಿದಾಗ ಬೆಳಕಾಗಿ ಹೊರಬಿಡುತ್ತವೆ. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬ್ಯಾಡ್ಜನ್ನು ಅಳತೆಗೆ ಕಳುಹಿಸುತ್ತಾರೆ. ಅಂದರೆ ಅದು ಹೇಳುವುದೆಲ್ಲ ಆಗಿಹೋದದ್ದರ ಲೆಕ್ಕ. ವಿಕಿರಣದೊಡನೆ ಕೆಲಸ ಮಾಡುವವರಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ವಿಧಿಸಿರುವ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ದೇಹಕ್ಕೆ ತಗುಲಿದ ವಿಕಿರಣದ ಅಳತೆ), ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್. ಈ ಮಿತಿಯೊಳಗೆ ಇದ್ದೀರೆಂಬುದಕ್ಕೆ ಬ್ಯಾಡ್ಜ್ ದಾಖಲೆಯಾಗಬಲ್ಲದು, ಆದರೆ ಆ ದಾಖಲೆಯೂ ಅಪೂರ್ಣ. ಟ್ರಿಟಿಯಂ, ಅಂದರೆ ವಿಕಿರಣಶೀಲ ಜಲಜನಕ, ಹೊರಸೂಸುವ ಬೀಟಾ ಕಣ (ವೇಗದ ಎಲೆಕ್ಟ್ರಾನ್) ಗಾಳಿಯಲ್ಲಿ ಕೆಲವೇ ಮಿಲಿಮೀಟರ್ ಸಾಗಿ ನಿಂತುಬಿಡುವುದರಿಂದ ಬ್ಯಾಡ್ಜಿಗೆ ಅದು ಕಾಣುವುದೇ ಇಲ್ಲ. ಟ್ರಿಟಿಯಂ ದೇಹದೊಳಗೆ ಸೇರಿದ್ದರೆ ಮೂತ್ರಪರೀಕ್ಷೆಯಿಂದ ತಿಳಿಯಬೇಕು. ಫಾಸ್ಫರಸ್-32 ಬ್ಯಾಡ್ಜಿಗೆ ಕಾಣುತ್ತದೆ ನಿಜ, ಆದರೆ ಬ್ಯಾಡ್ಜ್ ಇರುವುದು ಎದೆಯ ಮೇಲೆ, ಸೀಸೆಯನ್ನು ಹಿಡಿಯುವುದು ಬೆರಳು. ಚಿಕ್ಕ ಮೂಲವೊಂದರಿಂದ ದೂರ ಹತ್ತು ಪಟ್ಟಾದರೆ ವಿಕಿರಣದ ತೀವ್ರತೆ ಸರಿಸುಮಾರು ನೂರನೇ ಒಂದು ಪಾಲಿಗೆ ಇಳಿಯುತ್ತದೆಂಬುದನ್ನು ನೆನೆದರೆ, ಎದೆಯ ಬ್ಯಾಡ್ಜ್ ತೋರುವ ಅಂಕಿಗೂ ಬೆರಳ ತುದಿಗೆ ತಗುಲಿದ್ದಕ್ಕೂ ಎಷ್ಟು ಅಂತರವಿರಬಹುದೆಂದು ಊಹಿಸಬಹುದು. ಬೆರಳಿಗೆ ಬೇರೆಯೇ ಉಂಗುರ ಬ್ಯಾಡ್ಜ್ ಬೇಕೇ ಎಂಬುದನ್ನು ನಿಮ್ಮ ಸಂಸ್ಥೆಯ ವಿಕಿರಣ ಸುರಕ್ಷಾಧಿಕಾರಿಯಲ್ಲಿ ಕೇಳಿ.

ಇನ್ನು ಸೀಸದ ಏಪ್ರನ್. ತರಬೇತಿ ಏಕೆ ಬೇಕೆಂಬುದಕ್ಕೆ ನಿಮ್ಮ ಪ್ರಶ್ನೆಯಲ್ಲೇ ಒಳ್ಳೆಯ ನಿದರ್ಶನ ಸಿಕ್ಕಿದೆ. ಫಾಸ್ಫರಸ್-32ರ ಬೀಟಾ ಕಣಗಳ ಗರಿಷ್ಠ ಶಕ್ತಿ 1.71 ಮೆಗಾ ಎಲೆಕ್ಟ್ರಾನ್ ವೋಲ್ಟ್. ಗಾಳಿಯಲ್ಲಿ ಅವು ಸುಮಾರು ಆರು ಮೀಟರ್‌ವರೆಗೆ ಹೋಗಬಲ್ಲವು. ಇಂಥ ಕಣ ಸೀಸದಂಥ ಭಾರವಾದ ಲೋಹಕ್ಕೆ ಬಡಿದು ಒಮ್ಮೆಲೇ ವೇಗ ಕಳೆದುಕೊಂಡಾಗ ಎಕ್ಸ್-ಕಿರಣ ಹುಟ್ಟುತ್ತದೆ. ಆದ್ದರಿಂದ ಇಲ್ಲಿ ಮೊದಲು ಬೇಕಾದದ್ದು ಸೀಸವಲ್ಲ, ಒಂದು ಸೆಂಟಿಮೀಟರ್ ದಪ್ಪದ ಅಕ್ರಿಲಿಕ್ ಹಲಗೆ. ಹಗುರ ಪರಮಾಣುಗಳಿಂದಾದ ಅದು ಬೀಟಾ ಕಣಗಳನ್ನು ಹೆಚ್ಚು ಎಕ್ಸ್-ಕಿರಣ ಹುಟ್ಟಿಸದೆ ತಡೆದು ನಿಲ್ಲಿಸುತ್ತದೆ. ಆದರೆ ಪಕ್ಕದ ಮೇಜಿನವರು ಬೀಟಾ ಕಣದ ಬದಲು ದುರ್ಬಲ ಗಾಮಾ ಕಿರಣ ಸೂಸುವ ಅಯೋಡಿನ್-125 ಬಳಸುತ್ತಿದ್ದರೆ ಅವರಿಗೆ ತೆಳುವಾದ ಸೀಸದ ತಗಡೇ ಸರಿ. ಒಂದೇ ಕೋಣೆಯಲ್ಲಿ ಒಬ್ಬರಿಗೆ ಸರಿಯಾದ ರಕ್ಷಣೆ ಇನ್ನೊಬ್ಬರಿಗೆ ತಪ್ಪಾಗಬಹುದು. ಇದನ್ನು ಯಾವ ಸಾಮಾನ್ಯ ಬುದ್ಧಿಯೂ ತಾನಾಗಿ ಹೇಳಿಕೊಡದು.

ಎರಡು ತರಬೇತಿಗಳು ಬೇರೆಬೇರೆ ದಿನ, ಬೇರೆಬೇರೆ ಅಧಿಕಾರಿಗಳಿಂದ ನಡೆಯುವ ಪದ್ಧತಿ ಹಲವೆಡೆ ಇದೆ. ನನಗೆ ಅತಿ ಹೆಚ್ಚು ಕಳವಳ ತರುವುದು ಇವೆರಡರ ನಡುವಿನ ಈ ಗೋಡೆ. ಜೈವಿಕ ಸುರಕ್ಷತೆಯ ಪಾಠದಲ್ಲಿ, ಏನು ಚೆಲ್ಲಿದರೂ ಅದರ ಮೇಲೆ ಬ್ಲೀಚ್ ದ್ರಾವಣ ಸುರಿಯಬೇಕೆಂದು ಕಲಿಸುತ್ತಾರೆ. ರಕ್ತಕ್ಕೂ ಬ್ಯಾಕ್ಟೀರಿಯಾಕ್ಕೂ ಅದು ಸರಿಯೇ. ಅದೇ ರೂಢಿಯಲ್ಲಿ ಯಾರಾದರೂ ಚೆಲ್ಲಿದ ಅಯೋಡಿನ್-125ರ ಮೇಲೆ ಬ್ಲೀಚ್ ಸುರಿದರೆ ಅಯೊಡೈಡ್ ಉತ್ಕರ್ಷಣಗೊಂಡು, ಆವಿಯಾಗಬಲ್ಲ ಅಯೋಡಿನ್ ಆಗಿ ಗಾಳಿಗೆ ಸೇರುತ್ತದೆ. ಉಸಿರಿನ ಮೂಲಕ ಒಳಹೋದದ್ದನ್ನು ಥೈರಾಯ್ಡ್ ಗ್ರಂಥಿ ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿ ಬಳಸಬೇಕಾದದ್ದು ಸೋಡಿಯಂ ಥಯೋಸಲ್ಫೇಟ್. ಡಿಎನ್‌ಎ, ಆರ್‌ಎನ್‌ಎ ಬೇರ್ಪಡಿಸುವ ಅನೇಕ ಕಿಟ್‌ಗಳ ದ್ರಾವಣದಲ್ಲಿ ಗ್ವಾನಿಡಿನ್ ಥಯೋಸಯನೇಟ್ ಇರುತ್ತದೆ, ಅದಕ್ಕೂ ಬ್ಲೀಚ್ ತಾಗಿದರೆ ವಿಷಾನಿಲ ಬರುತ್ತದೆ. ಹಾಗಾಗಿ ಅಪಾಯಗಳನ್ನು ಇಲಾಖೆವಾರು ವಿಂಗಡಿಸಿ ಕಲಿಸುವ ಬದಲು, ನೀವು ನಿಜವಾಗಿ ಮಾಡಲಿರುವ ಪ್ರಯೋಗವೊಂದನ್ನೇ ಎತ್ತಿಕೊಂಡು ಅದರಲ್ಲಿ ವಿಕಿರಣ ಯಾವುದು, ರಾಸಾಯನಿಕ ಯಾವುದು, ಬೆಂಕಿ ಎಲ್ಲಿ ಬರಬಹುದು ಎಂದು ಹಂತಹಂತವಾಗಿ ನೋಡುವುದೇ ಸರಿಯಾದ ತರಬೇತಿ.

ಸ್ಲೈಡುಗಳ ಉಪನ್ಯಾಸ ಮತ್ತು ಕೊನೆಯಲ್ಲೊಂದು ಕಿರುಪರೀಕ್ಷೆಯಿಂದ ಇದು ಮುಗಿಯುವುದಿಲ್ಲ, ಕೈಗೆ ಅಭ್ಯಾಸವಾಗಬೇಕು. ಇಡೀ ಪ್ರಯೋಗವನ್ನು ಮೊದಲು ವಿಕಿರಣಶೀಲ ವಸ್ತುವಿಲ್ಲದೆ, ಹೊಳೆಯುವ ಬಣ್ಣ ಬೆರೆಸಿದ ನೀರಿನಿಂದ ಮಾಡಿಸಿ, ಆಮೇಲೆ ದೀಪವಾರಿಸಿ ಅತಿನೇರಳೆ ಬೆಳಕು ಹಾಯಿಸುವ ವಿಧಾನವೊಂದಿದೆ. ಕೈಗವಸಿನ ಬೆರಳಚ್ಚು ಪಿಪೆಟ್ಟಿನ ಮೇಲೆ, ಫ್ರಿಜ್ಜಿನ ಹಿಡಿಯ ಮೇಲೆ, ಕೆಲವೊಮ್ಮೆ ಮೊಬೈಲಿನ ಮೇಲೂ ಹೊಳೆಯುವುದನ್ನು ಕಂಡವರಿಗೆ, ಕೈಗವಸು ಹಾಕಿಕೊಂಡು ಬಾಗಿಲು ಮುಟ್ಟಬಾರದೆಂದು ಮತ್ತೆ ಹೇಳಬೇಕಾಗದು. ವಿಕಿರಣ ಪತ್ತೆಹಚ್ಚುವ ಜಿ.ಎಂ. (ಗೈಗರ್-ಮುಲ್ಲರ್) ಕೌಂಟರಿನಿಂದ ಮೇಜು ಪರೀಕ್ಷಿಸುವುದನ್ನೂ ಹೀಗೆಯೇ ಕಲಿಯಬೇಕು: ಕೆಲಸಕ್ಕೆ ಮುಂಚೆ ಹಿನ್ನೆಲೆಯ ಎಣಿಕೆ ಬರೆದುಕೊಳ್ಳುವುದು, ನಡುನಡುವೆ ಕೈಗವಸನ್ನು ನೋಡುವುದು, ಮುಗಿದಮೇಲೆ ನೆಲವನ್ನೂ ಪಾದರಕ್ಷೆಯನ್ನೂ ಮರೆಯದಿರುವುದು. ಟ್ರಿಟಿಯಂ ಮಾತ್ರ ಈ ಕೌಂಟರಿಗೂ ಸಿಗದು, ಮೇಲ್ಮೈಯನ್ನು ಕಾಗದದಿಂದ ಒರೆಸಿ, ವಿಕಿರಣವನ್ನು ಬೆಳಕಿನ ಮಿನುಗಾಗಿಸಿ ಎಣಿಸುವ ಸಿಂಟಿಲೇಷನ್ ಕೌಂಟರಿನಲ್ಲಿ ಅಳೆಯಬೇಕು. ಇನ್ನು ಏನಾದರೂ ಚೆಲ್ಲಿದರೆ ಮೊದಲು ಸುತ್ತಲಿನವರನ್ನು ಎಚ್ಚರಿಸಿ, ಹೀರುವ ಕಾಗದ ಹಾಕಿ ಹರಡದಂತೆ ತಡೆದು, ಯಾರೂ ತುಳಿಯದಂತೆ ನೋಡಿಕೊಂಡು, ಸುರಕ್ಷಾಧಿಕಾರಿಗೆ ತಿಳಿಸಿ, ಅಂಚಿನಿಂದ ನಡುವಿನ ಕಡೆಗೆ ಒರೆಸಬೇಕು. ಆದರೆ ಯಾರಿಗಾದರೂ ಗಂಭೀರ ಗಾಯವಾಗಿದ್ದರೆ ಅಥವಾ ಬೆಂಕಿ ಹತ್ತಿದ್ದರೆ ಜೀವ ಉಳಿಸುವುದು ಮೊದಲು, ಮಾಲಿನ್ಯದ ಲೆಕ್ಕ ಆನಂತರ.

ಸಾಮಾನ್ಯ ಸುರಕ್ಷತೆಯ ತರಬೇತಿಯನ್ನು ಚಿಕ್ಕದೆಂದು ಭಾವಿಸಬೇಡಿ. 2018ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯವೊಂದರಲ್ಲಿ ಸಂಭವಿಸಿದ ಸ್ಫೋಟದಲ್ಲಿ ಒಬ್ಬ ಸಂಶೋಧಕರು ಪ್ರಾಣ ಕಳೆದುಕೊಂಡರು, ಮೂವರು ಗಾಯಗೊಂಡರು. ಅಲ್ಲಿ ಅಪಾಯ ಬಂದದ್ದು ವಿಕಿರಣದಿಂದಲ್ಲ. ಸರಪಳಿ ಬಿಗಿಯದ ಅನಿಲ ಸಿಲಿಂಡರ್, ಚರ್ಮ ಸುಟ್ಟರೂ ಮೊದಲಿಗೆ ನೋವು ತಿಳಿಯಗೊಡದ ಫೀನಾಲ್, ಒಂದು ಲೀಟರ್ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗಿ ಮುಚ್ಚಿದ ಲಿಫ್ಟಿನಲ್ಲಿ ಉಸಿರು ಕಟ್ಟಿಸಬಲ್ಲ ದ್ರವ ಸಾರಜನಕ, ಇವೆಲ್ಲ ನಿಮ್ಮ ದಿನನಿತ್ಯದ ಸಂಗಾತಿಗಳು. ಲ್ಯಾಮಿನಾರ್ ಹುಡ್ (ಸೋಸಿದ ಗಾಳಿ ಬೀಸುವ ಪೆಟ್ಟಿಗೆ) ಮತ್ತು ಫ್ಯೂಮ್ ಹುಡ್ (ವಿಷದ ಆವಿಯನ್ನು ಹೊರಗೆಳೆಯುವ ಪೆಟ್ಟಿಗೆ) ನಡುವಿನ ವ್ಯತ್ಯಾಸವನ್ನು ಮೊದಲ ದಿನವೇ ಕೇಳಿ ತಿಳಿಯಿರಿ. ನೇರವಾಗಿ ಬೀಸುವ ಲ್ಯಾಮಿನಾರ್ ಹುಡ್ಡಿನ ಗಾಳಿ ನಿಮ್ಮ ಮುಖದ ಕಡೆಗೇ ಬರುತ್ತದೆ, ಅದು ಕಾಪಾಡುವುದು ಒಳಗಿರುವ ಮಾದರಿಯನ್ನು.

ತರಬೇತಿ ಸಂಶೋಧಕರಿಗಷ್ಟೇ ಸಾಲದು. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1985ರ ಬಳಿಕ ಬಳಕೆಯಿಲ್ಲದೆ ಉಳಿದಿದ್ದ ಗಾಮಾ ಸೆಲ್ ಎಂಬ, ಮಾದರಿಗಳಿಗೆ ವಿಕಿರಣ ಹಾಯಿಸುವ ಉಪಕರಣ 2010ರಲ್ಲಿ ಹರಾಜಾಗಿ ಮಾಯಾಪುರಿಯ ಗುಜರಿಗೆ ಹೋಯಿತು. ಒಳಗಿದ್ದ ಕೋಬಾಲ್ಟ್-60ನ್ನು ಏನೂ ಅರಿಯದವರು ಬಿಡಿಸಿದರು. ಹಲವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಉಗ್ರಾಣ ನೋಡುವವರು, ಕಸ ತೆಗೆಯುವವರು, ಗಾಜಿನ ಸಾಮಾನು ತೊಳೆಯುವವರು, ರಾತ್ರಿ ಕಾವಲಿನವರು, ಇವರೆಲ್ಲರಿಗೂ ಹಳದಿ ಹಿನ್ನೆಲೆಯ ಮೂರೆಸಳಿನ ಚಿಹ್ನೆಯ ಅರ್ಥ ಗೊತ್ತಿರಬೇಕು, ಮತ್ತು ಕರ್ನಾಟಕದ ಪ್ರಯೋಗಾಲಯಗಳಲ್ಲಿ ಅದನ್ನು ಕನ್ನಡದಲ್ಲಿ ಹೇಳಿಕೊಡಬೇಕು. ಇಂಗ್ಲಿಷ್ ಸ್ಲೈಡಿನ ಮುಂದೆ ಕೂರಿಸಿ ಸಹಿ ಹಾಕಿಸಿಕೊಳ್ಳುವುದು ಅವರಿಗೆ ಮಾಡುವ ಅನ್ಯಾಯ. ಖಾಲಿ ಡಬ್ಬಗಳ ಮೇಲಿನ ಚಿಹ್ನೆಯನ್ನು ಅಳಿಸದೆ ಎಸೆಯುವುದೂ ಅಷ್ಟೇ ತಪ್ಪು, ಏಕೆಂದರೆ ದಿನವೂ ನಿರಪಾಯದ ಡಬ್ಬಗಳ ಮೇಲೆ ಅದನ್ನು ನೋಡುವವರು ನಿಜವಾದ ಅಪಾಯದ ದಿನವೂ ಅದನ್ನು ಲೆಕ್ಕಿಸುವುದಿಲ್ಲ.

ನಿಮ್ಮ ಮಟ್ಟಿಗೆ ಹೇಳುವುದಾದರೆ, ತರಬೇತಿಗೆ ಹೋಗುವ ಮುಂಚೆ ನಿಮ್ಮ ಪ್ರಯೋಗದ ಹಂತಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಸುರಕ್ಷಾಧಿಕಾರಿಯ ಮುಂದಿಡಿ. ಗರ್ಭಿಣಿಯಾಗಿದ್ದರೆ ಅಥವಾ ಮುಂದೆ ಆದರೆ ತಡಮಾಡದೆ ಅವರಿಗೆ ತಿಳಿಸಿ. ಭ್ರೂಣಕ್ಕೆ ಅನ್ವಯಿಸುವ ಮಿತಿ ಬೇರೆ, ಅದಕ್ಕೆ ತಕ್ಕಂತೆ ಕೆಲಸ ಬದಲಿಸುವುದು ಸಂಸ್ಥೆಯ ಹೊಣೆ. ಫಾಸ್ಫರಸ್-32ರ ಅರ್ಧಾಯು (ವಿಕಿರಣಶೀಲತೆ ಅರ್ಧಕ್ಕಿಳಿಯಲು ಬೇಕಾದ ಕಾಲ) 14.3 ದಿನ; ಹತ್ತು ಅರ್ಧಾಯು, ಅಂದರೆ ಸುಮಾರು 143 ದಿನ ಕಳೆದಾಗ ಅದರ ವಿಕಿರಣಶೀಲತೆ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆಯಾಗುತ್ತದೆ. ಆದ್ದರಿಂದ ತ್ಯಾಜ್ಯದ ಡಬ್ಬದ ಮೇಲೆ ಐಸೋಟೋಪಿನ ಹೆಸರು, ಪ್ರಮಾಣ, ದಿನಾಂಕ ಮೂರನ್ನೂ ಬರೆದು, ಅಕ್ರಿಲಿಕ್ ಪೆಟ್ಟಿಗೆಯೊಳಗೆ ಬೀಗ ಹಾಕಿದ ಜಾಗದಲ್ಲಿಡಿ, ಮತ್ತು ಅದನ್ನು ಹೊರಗೆ ಸಾಗಿಸುವ ದಿನ ಕೌಂಟರಿನಿಂದ ಅಳೆದು, ಸುರಕ್ಷಾಧಿಕಾರಿ ಒಪ್ಪಿದ ಮೇಲಷ್ಟೇ ಕೊಡಿ.