ಕಸಿ ಕಟ್ಟಿದ ಬಳ್ಳಿ, ಬರೆದು ಕಟ್ಟಿದ ಕೋಶ

ಮೂಡಿಗೆರೆ ಸುತ್ತಲಿನ ಕಾಫಿ ತೋಟಗಳಲ್ಲಿ, ಸೊರಗು ರೋಗದಿಂದ ಬಳ್ಳಿ ಉಳಿಯಲೆಂದು ಹಿಪ್ಪಲಿ ಗಿಡಕ್ಕೆ ಕಾಳುಮೆಣಸಿನ ಕುಡಿಯನ್ನು ಕಸಿ ಕಟ್ಟುವ ಬೆಳೆಗಾರರಿದ್ದಾರೆ. ಕಸಿ ಕೂಡಿಕೊಂಡ ಮೇಲೂ ಕೆಳಗಿನದು ಹಿಪ್ಪಲಿ, ಮೇಲಿನದು ಮೆಣಸು. ಡಿಎನ್‌ಎಯನ್ನೇ ಬರೆದು ಜೀವಿಗಳನ್ನು ಕಟ್ಟುವ, ತಿದ್ದುವ ವಿದ್ಯೆಗೆ ಸಂಶ್ಲೇಷಿತ ಜೀವವಿಜ್ಞಾನ ಎಂದು ಹೆಸರು; ಅದರಲ್ಲಿ 2010ರ ಮೇ ತಿಂಗಳಲ್ಲಿ ಅಮೆರಿಕದ ವಿಜ್ಞಾನಿ ಕ್ರೇಗ್ ವೆಂಟರ್ ತಂಡ ಪ್ರಕಟಿಸಿದ ಪ್ರಯೋಗದಲ್ಲಿ ಹಾಗಾಗಲಿಲ್ಲ. ಆಡುಗಳಿಗೆ ರೋಗ ತರುವ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಸುಮಾರು 10.8 ಲಕ್ಷ ಅಕ್ಷರಗಳ ಡಿಎನ್‌ಎಯನ್ನು ರಾಸಾಯನಿಕವಾಗಿ ಜೋಡಿಸಿ, ಅದರ ದಾಯಾದಿ ಪ್ರಭೇದವೊಂದರ ಕೋಶದೊಳಕ್ಕೆ ಸೇರಿಸಿದಾಗ, ಕೋಶ ಒಡೆದು ಹೆಚ್ಚುತ್ತ ಹೋದಂತೆ ಆಸರೆ ಕೊಟ್ಟದ್ದರ ಗುರುತೇ ಅಳಿದು, ಒಳಗೆ ಬಂದ ಡಿಎನ್‌ಎ ಹೇಳಿದ ಜೀವಿಯೇ ಉಳಿಯಿತು. ಇಲ್ಲಿಗೆ ಮುಟ್ಟುವ ಮೊದಲು, ಅತ್ಯಗತ್ಯವಾದ ವಂಶವಾಹಿಯೊಂದರಲ್ಲಿ ಒಂದೇ ಒಂದು ಅಕ್ಷರ ತಪ್ಪಿದ್ದಕ್ಕೆ ಕೆಲಸ ವಾರಗಟ್ಟಲೆ ನಿಂತಿತ್ತು.

ಇದನ್ನು ಜೀವಸೃಷ್ಟಿ ಎಂದು ಕೊಂಡಾಡಿದವರೂ, ದೇವರ ಕೆಲಸಕ್ಕೆ ಕೈ ಹಾಕಿದ್ದು ಎಂದು ಬೈದವರೂ ಇದ್ದರು. ಕೋಶದ ಪೊರೆಯಿಂದ ಹಿಡಿದು ಪ್ರೋಟೀನು ತಯಾರಿಸುವ ವ್ಯವಸ್ಥೆಯವರೆಗೆ ಎಲ್ಲವೂ ಕಡ ತಂದದ್ದಾಗಿರುವಾಗ ಎರಡೂ ಮಾತು ಅತಿಯಾಯಿತೆಂದೇ ನನ್ನ ಅನಿಸಿಕೆ. 2016ರಲ್ಲಿ ಅದೇ ತಂಡ ಬದುಕಿಗೆ ಬೇಡದ್ದನ್ನೆಲ್ಲ ಕಿತ್ತುಹಾಕಿ 473 ವಂಶವಾಹಿಗಳ ಕೋಶ ಕಟ್ಟಿದಾಗ, ಅವುಗಳಲ್ಲಿ 149 ಏನು ಮಾಡುತ್ತವೆಂಬುದು ಕಟ್ಟಿದವರಿಗೇ ತಿಳಿದಿರಲಿಲ್ಲ.

ನೈತಿಕತೆಯ ಪ್ರಶ್ನೆ ಇದಕ್ಕಿಂತ ಬಹಳ ಹಳೆಯದು. 77 ಅಕ್ಷರಜೋಡಿಗಳ ವಂಶವಾಹಿಯೊಂದನ್ನು ಹರಗೋವಿಂದ ಖೊರಾನ ತಂಡ ಪೂರ್ತಿ ಕೃತಕವಾಗಿ ಜೋಡಿಸಿದ್ದು 1970ರಲ್ಲಿ. ಐದು ವರ್ಷಗಳ ಬಳಿಕ, ಡಿಎನ್‌ಎ ತುಂಡರಿಸಿ ಬೆಸೆಯುವ ಪ್ರಯೋಗಗಳನ್ನು ಯಾವ ಎಚ್ಚರದಲ್ಲಿ ನಡೆಸಬೇಕೆಂದು ವಿಜ್ಞಾನಿಗಳೇ ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ಸೇರಿ ಚರ್ಚಿಸಿದರು. ಅಲ್ಲಿಯ ಮಾತೆಲ್ಲ ಸುರಕ್ಷತೆಯದು. ಒಡೆತನದ ಮಾತು ಬಂದದ್ದು 1980ರಲ್ಲಿ, ಭಾರತ ಮೂಲದ ಆನಂದ ಮೋಹನ ಚಕ್ರವರ್ತಿ ಕಚ್ಚಾ ತೈಲ ತಿನ್ನುವಂತೆ ಮಾರ್ಪಡಿಸಿದ ಬ್ಯಾಕ್ಟೀರಿಯಾಕ್ಕೆ ಪೇಟೆಂಟ್ ಕೊಡಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಿಂದ ತೀರ್ಪಿತ್ತಾಗ. 2002ರಲ್ಲಿ ಪೋಲಿಯೊ ವೈರಸ್ಸನ್ನೇ ಪ್ರಯೋಗಾಲಯದಲ್ಲಿ ಜೋಡಿಸಿ ತೋರಿಸಿದ ಮೇಲೆ ಭಯಕ್ಕೂ ಕಾರಣ ಸಿಕ್ಕಿತು. ಕನ್ನಡಿಯ ಬಿಂಬದಂತೆ ಎಡಬಲ ತಿರುವಿದ ಅಣುಗಳ ಬ್ಯಾಕ್ಟೀರಿಯಾ ಕಟ್ಟುವುದು ಬೇಡವೆಂದು 2024ರ ಡಿಸೆಂಬರಿನಲ್ಲಿ ಎಚ್ಚರಿಸಿದವರಲ್ಲಿ, ಹಿಂದೆ ಆ ದಿಕ್ಕಿನಲ್ಲೇ ದುಡಿದಿದ್ದ ವಿಜ್ಞಾನಿಗಳೂ ಇದ್ದರು.

ಒಡೆತನದ ಪ್ರಶ್ನೆ ಮಲೆನಾಡಿಗೆ ದೂರದ್ದಲ್ಲ. ಮಡಗಾಸ್ಕರಿನಲ್ಲಿ ಚಂಡಮಾರುತಕ್ಕೆ ಬೆಳೆ ಕೆಟ್ಟು ಬೆಲೆ ಏರಿದ ಕಾಲದಲ್ಲಿ ಇಲ್ಲಿ ಅನೇಕರು ಕಾಫಿ, ಅಡಿಕೆಯ ನಡುವೆ ವೆನಿಲಾ ಹಬ್ಬಿಸಿದರು. ಒಂದು ಹೂವು ಅರಳುವುದು ಒಂದೇ ಬೆಳಿಗ್ಗೆ. ಅಷ್ಟರಲ್ಲಿ ಸಣ್ಣ ಕಡ್ಡಿಯಿಂದ ಒಳಗಿನ ತೆಳು ಪೊರೆಯನ್ನು ಎತ್ತಿ, ಪರಾಗವನ್ನು ಹೆಬ್ಬೆರಳಿನಿಂದ ಒತ್ತಬೇಕು, ಅದೂ ಒಂದೊಂದೇ ಹೂವಿಗೆ. 2004ರ ಸುಮಾರಿಗೆ ಬೆಲೆ ಕುಸಿದು, ಬಳ್ಳಿಗಳನ್ನು ಕಿತ್ತೆಸೆದವರೂ ಇದ್ದರು. ಆ ಕುಸಿತಕ್ಕೆ ಸಂಶ್ಲೇಷಿತ ಜೀವವಿಜ್ಞಾನ ಕಾರಣವಲ್ಲ, ವಂಶವಾಹಿ ತಿದ್ದಿದ ಯೀಸ್ಟ್‌ನಿಂದ ತೆಗೆದ ವೆನಿಲಿನ್ (ವೆನಿಲಾಕ್ಕೆ ಪರಿಮಳ ಕೊಡುವ ವಸ್ತು) ಮಾರುಕಟ್ಟೆಗೆ ಬಂದದ್ದು ಸುಮಾರು ಹತ್ತು ವರ್ಷ ತಡವಾಗಿ. ಆದರೆ ಹುದುಗಿಸಿ ತಯಾರಿಸಿದ್ದು ಎಂಬ ಕಾರಣಕ್ಕೆ ಅದನ್ನು ‘ನೈಸರ್ಗಿಕ’ ಎಂದು ಮಾರಬಹುದೇ ಎಂಬ ವಿವಾದ ಎದ್ದಾಗ, ಕಡ್ಡಿ ಹಿಡಿದು ಪರಾಗ ಮುಟ್ಟಿಸಿದ ಕೈಗೆ ಆ ಪದದಲ್ಲಿ ಪಾಲಿದೆಯೇ ಎಂದು ಕೇಳಬೇಕೆನ್ನಿಸುತ್ತದೆ.

ಜೀವಸಂಪತ್ತಿನಿಂದ ಗಳಿಸಿದವರು ಲಾಭದಲ್ಲಿ ಪಾಲು ಕೊಡಬೇಕೆನ್ನುವ ನಮ್ಮ 2002ರ ಜೀವವೈವಿಧ್ಯ ಕಾಯ್ದೆ ಗಿಡವನ್ನೋ ಬೇರನ್ನೋ ಒಯ್ಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಪಶ್ಚಿಮ ಘಟ್ಟದ ಸಸ್ಯವೊಂದರ ಡಿಎನ್‌ಎ ಅಕ್ಷರಗಳ ಕ್ರಮ ಕಂಪ್ಯೂಟರಿನಲ್ಲಿ ಸಿಕ್ಕರೆ, ಬೇಕಾದ ವಂಶವಾಹಿಯನ್ನು ಬರೆದುಕೊಳ್ಳಲು ಚಾರ್ಮಾಡಿ ಘಾಟಿ ಹತ್ತಬೇಕಾದ ಅಗತ್ಯವೇ ಇಲ್ಲ. ಈ ಬಿರುಕನ್ನು ಮುಚ್ಚಲೆಂದು 2024ರಲ್ಲಿ ಕೊಲಂಬಿಯಾದ ಕಾಲಿ ನಗರದ ಜೀವವೈವಿಧ್ಯ ಸಮಾವೇಶ ಒಂದು ನಿಧಿಗೆ ಒಪ್ಪಿತು. ಇಂಥ ಮಾಹಿತಿಯಿಂದ ಗಳಿಸುವ ದೊಡ್ಡ ಕಂಪನಿಗಳು ಲಾಭದ ಶೇ. 1 ಅಥವಾ ವರಮಾನದ ಶೇ. 0.1ರಷ್ಟನ್ನು ಅದಕ್ಕೆ ಕೊಡಬೇಕೆಂಬುದು ಅಪೇಕ್ಷೆ; ಕಡ್ಡಾಯವಲ್ಲ.