ಎರಡು ಕೇಬಲ್, ಒಂದೇ ಗುಂಡಿ

ಭರಮಸಾಗರದ ಬಳಿ ಹೆದ್ದಾರಿ ಬದಿ ಅಗೆಯುವಾಗ ಜೆಸಿಬಿ ಹಲ್ಲಿಗೆ ಒಂದು ಫೈಬರ್ (ಕರೆ, ಡೇಟಾ ಸಾಗಿಸುವ ಗಾಜಿನೆಳೆಯ ಕೇಬಲ್) ಸಿಕ್ಕಿದರೆ ಸಾಕು, ದಾವಣಗೆರೆಯಲ್ಲಿ ಫೋನ್ ಮೂಕವಾಗಬಹುದು. ಟವರ್‌ಗೆ ಕರೆಂಟಿದೆ, ಆಂಟೆನಾ ಸರಿಯಿದೆ. ಟವರಿನಿಂದ ಮುಂದಕ್ಕೆ ಕರೆ ಸಾಗಿಸುವ ದಾರಿಯೇ ಇಲ್ಲ.

1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ಹೋದಾಗ ಜಾಲದ ರಚನೆ ಮರದಂತಿತ್ತು: ಟವರ್ ಒಂದು ನಿಯಂತ್ರಕಕ್ಕೆ, ಅದು ಕರೆಗಳನ್ನು ಜೋಡಿಸುವ ಒಂದು ಸ್ವಿಚ್‌ಗೆ. ಹಳ್ಳಿಗಳಿಗೆ ಟವರಿಂದ ಟವರಿಗೆ ರೇಡಿಯೋ ಅಲೆಯಲ್ಲಿ ದಾಟಿಸುವ ಮೈಕ್ರೋವೇವ್ ಸರಪಳಿ. ಗುಡ್ಡದ ಮೇಲಿನ ಹಬ್ ಟವರ್ ಮಲಗಿದರೆ ಅದಕ್ಕೆ ಜೋತುಬಿದ್ದ ಊರುಗಳೆಲ್ಲ ಮಲಗುತ್ತಿದ್ದವು.

ಹಬ್ ಮಲಗುವುದು ಹೆಚ್ಚಾಗಿ ಬ್ಯಾಟರಿಯಿಂದ. 2 ವೋಲ್ಟಿನ 24 ಸೆಲ್, ಅಂದರೆ 48 ವೋಲ್ಟ್, 600 ಆಂಪಿಯರ್-ಅವರ್. ಲೋಡು 3 ಕಿಲೋವ್ಯಾಟ್ ಎಂದರೆ ಸುಮಾರು 62 ಆಂಪಿಯರ್, ಶೇ. 80ರಷ್ಟು ಬಳಸಿದರೆ ಲೆಕ್ಕದಲ್ಲಿ ಏಳೂವರೆ ಗಂಟೆ. ಅದೇ ಟವರ್‌ಗೆ ಇನ್ನೊಂದು ಕಂಪನಿ ಬಂದು ಲೋಡು ದುಪ್ಪಟ್ಟಾದರೆ ಅರ್ಧಕ್ಕಿಂತ ಕಡಿಮೆ. ಲೆಡ್-ಆಸಿಡ್ ಬ್ಯಾಟರಿಯ ಬಿಸಿ ಸುಮಾರು 10 ಡಿಗ್ರಿ ಏರಿದರೆ ಆಯಸ್ಸು ಅರ್ಧವಾಗುತ್ತದೆ. ಚಳ್ಳಕೆರೆಯ ಏಪ್ರಿಲ್ ಗೊತ್ತಲ್ಲ. ಹಾಗಾಗಿ ಬ್ಯಾಟರಿ 46 ವೋಲ್ಟಿನ ಆಸುಪಾಸಿಗೆ ಇಳಿದಾಗ ಫೋನ್‌ಗಳಿಗೆ ಸಿಗ್ನಲ್ ಕೊಡುವ ರೇಡಿಯೋ ಮಾತ್ರ ಕಡಿದು, ಮುಂದಿನ ಊರುಗಳ ಲಿಂಕ್ ಉಪಕರಣವನ್ನು 43.2ರವರೆಗೆ ಉಳಿಸಿಕೊಳ್ಳಬೇಕು. ಎರಡನ್ನೂ ಒಂದೇ ವೋಲ್ಟಿಗೆ ಹೊಂದಿಸಿದರೆ ಹಬ್ ತಾನೂ ಹೋಗಿ ಊರುಗಳನ್ನೂ ಒಯ್ಯುತ್ತದೆ.

ಆಮೇಲೆ ಫೈಬರ್ ರಿಂಗ್ ಬಂತು: ಎರಡು ದಾರಿಯಿಂದ ಊರು ತಲುಪುವ ಕೇಬಲ್ ವೃತ್ತ. ಒಂದು ಕಡೆ ಕಡಿದರೆ 50 ಮಿಲಿಸೆಕೆಂಡಿನಲ್ಲಿ ಟ್ರಾಫಿಕ್ ಇನ್ನೊಂದು ಕಡೆಗೆ ತಿರುಗಬೇಕು. ಚಿತ್ರದುರ್ಗದಿಂದ ದಾವಣಗೆರೆಗೆ ಒಂದು ದಾರಿ ಹೆದ್ದಾರಿಗುಂಟ ಬಂದರೆ, ಇನ್ನೊಂದು ಹೊಳಲ್ಕೆರೆ, ಚನ್ನಗಿರಿ ಸುತ್ತಿ ಬರಬೇಕು. ಖರ್ಚುಳಿಸಲು ಎರಡನ್ನೂ ಒಂದೇ ಗುಂಡಿಯಲ್ಲಿ ಹೂತರೆ ನಕ್ಷೆಯಲ್ಲಿ ವೃತ್ತ, ನೆಲದಲ್ಲಿ ಗೆರೆ. ದಾರಿ ನಿಜಕ್ಕೂ ಬೇರೆಯಿದ್ದರೂ ಪಕ್ಕದಲ್ಲೇ ಇನ್ನೊಂದು ಅಪಾಯ: ಮೊದಲ ಕಡಿತ ಗ್ರಾಹಕರಿಗೆ ಗೊತ್ತೇ ಆಗುವುದಿಲ್ಲ. ಅಲಾರಂ ನೋಡಿ 'ಸೇವೆ ನಡೀತಿದೆಯಲ್ಲ' ಎಂದು ರಿಪೇರಿ ಮುಂದೂಡಿದರೆ ಎರಡನೇ ಕಡಿತಕ್ಕೆ ಎಲ್ಲ ನಿಲ್ಲುತ್ತದೆ. ಪ್ರತಿ ಬದಿಯಲ್ಲೂ ಅರ್ಧ ಸಾಮರ್ಥ್ಯ ಖಾಲಿ ಇರಬೇಕು. ಇಲ್ಲವಾದರೆ ತಿರುಗಿದ ಟ್ರಾಫಿಕ್ ಹಿಡಿಸದು.

ಒಂದೇ ಗುಂಡಿಯ ತಪ್ಪು ಸಾಫ್ಟ್‌ವೇರಿನಲ್ಲೂ ಆಗುತ್ತದೆ. ಸ್ವಿಚ್‌ಗಳನ್ನು ಒಟ್ಟಿಗೆ ಪೂಲ್ ಮಾಡಿ ಒಂದರ ಕೆಲಸವನ್ನು ಇನ್ನೊಂದಕ್ಕೆ ಹಂಚುವುದು ರೂಢಿಯಾದ ಮೇಲೂ, 2022ರ ಜುಲೈ 8ರಂದು ಕೆನಡಾದ ಟೆಲಿಕಾಂ ಕಂಪನಿ ರೋಜರ್ಸ್‌ನ ಜಾಲ ಕುಸಿಯಿತು. ಡೇಟಾಗೆ ದಾರಿ ತೋರಿಸುವ ರೂಟರ್‌ನ ಫಿಲ್ಟರ್ ಒಂದನ್ನು ತೆಗೆದದ್ದಕ್ಕೆ ರೂಟ್‌ಗಳ (ದಾರಿ ಮಾಹಿತಿಯ) ಪ್ರವಾಹ ಜಾಲದ ನಡುಭಾಗದ ಕೋರ್ ರೂಟರ್‌ಗಳನ್ನು ಮುಳುಗಿಸಿತು. ಮೊಬೈಲಿಗೂ ಮನೆಯ ಇಂಟರ್ನೆಟ್ಟಿಗೂ ಅದೇ ಕೋರ್. ಸರಿಪಡಿಸಬೇಕಾದ ಎಂಜಿನಿಯರುಗಳೂ ಅದೇ ಜಾಲವನ್ನು ನಂಬಿದ್ದರು.

ನಮ್ಮಲ್ಲಿ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ನಿಯಮದಲ್ಲಿ ಜಿಲ್ಲೆಯನ್ನೇ ಅಳತೆಯಾಗಿಸಿತು: ಜಿಲ್ಲೆಯಿಡೀ ಸೇವೆ 24 ಗಂಟೆ ಮೀರಿ ನಿಂತರೆ ಪೋಸ್ಟ್‌ಪೇಯ್ಡ್ ಬಾಡಿಗೆ ಕಡಿತ, ಪ್ರೀಪೇಯ್ಡ್ ವ್ಯಾಲಿಡಿಟಿ ವಿಸ್ತರಣೆ. ಅಲ್ಲಿಗೆ ಹೋಗದಿರಲು ರಾತ್ರಿ ಎರಡು ಗಂಟೆಗೆ ರಿಂಗಿನ ಒಂದು ಬದಿಯ ಪ್ಯಾಚ್‌ಕಾರ್ಡನ್ನು (ಉಪಕರಣಕ್ಕೆ ಫೈಬರ್ ಜೋಡಿಸುವ ತುಂಡು ಕೇಬಲನ್ನು) ಬೇಕೆಂದೇ ಕೀಳಬೇಕು, ಯಾವ ಟವರ್ ಬಿತ್ತೆಂದು ಬರೆದುಕೊಳ್ಳಬೇಕು, ಬೆಳಗಾಗುವ ಮೊದಲು ಹಾಕಬೇಕು.